ಏಳನೇ ಕ್ಲಾಸ್ ಮುಗಿಯಿತು, ಇನ್ನು ಜೂನ್ ತನಕ ಏನು ಮಾಡಬೇಕು?

ಕೊನೆಯ ಪೇಪರ್ ಮುಗಿಸಿದ ದಿನ ಮಕ್ಕಳು ಒಬ್ಬರ ಅಂಗಿ ಮೇಲೆ ಇನ್ನೊಬ್ಬರು ಪೆನ್ನಿನಲ್ಲಿ ಹೆಸರು ಗೀಚಿಕೊಂಡು ಬರುತ್ತಾರಲ್ಲ, ದಯವಿಟ್ಟು ಆ ಅಂಗಿಯನ್ನು ಬಕೆಟ್ಟಿಗೆ ಹಾಕಬೇಡಿ. ನಾನು ಹಾಕಿದ್ದೆ. ಸೋಪಿನ ಪುಡಿ ಹಾಕಿ, ಬ್ರಷ್ ಹಿಡಿದು, ಕಾಲರ್ ಹತ್ತಿರ ಯಾರೋ ಬರೆದಿದ್ದ 'ಮರೀಬೇಡ ಮಾರಾಯ' ಅನ್ನುವುದನ್ನು ಉಜ್ಜಿ ಉಜ್ಜಿ ತೆಗೆದೆ, ತಮ್ಮನಿಗಾದರೂ ಬರುತ್ತದೆ ಅಂತ. ಮಗ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ನಾವಿರುವುದು ಆಂಟಾಪ್ ಹಿಲ್‌ನಲ್ಲಿ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಮಗ ಓದಿದ್ದು ಅಂಥದ್ದೇ ಒಂದು ಶಾಲೆಯಲ್ಲಿ. ಅಲ್ಲಿ ಏಳಕ್ಕೆ ಮುಗಿಯಿತು, ಎಂಟಕ್ಕೆ ಬೇರೆ ಶಾಲೆ ನೋಡಲೇಬೇಕು. ನಮ್ಮಜ್ಜ ಕುಮಟೆಯವರು. ಅವರ ಕಾಲದಲ್ಲಿ ಏಳನೆಯದು ಅಂದರೆ ಮುಲ್ಕಿ ಪರೀಕ್ಷೆ, ಅದು ಪಾಸಾದರೆ ಪ್ರೈಮರಿ ಶಾಲೆಗೆ ಮಾಸ್ತರರೇ ಆಗಬಹುದಿತ್ತು. ಈಗ ಏಳನೇ ಪಾಸು ಅಂದರೆ ಯಾರೂ ಪೇಡೆ ಕೂಡ ಹಂಚುವುದಿಲ್ಲ. ಆದರೆ ಮಗುವಿಗೆ ಅದು ಚಿಕ್ಕ ವಿಷಯ ಅಲ್ಲ ನೋಡಿ. ಶಾಲೆ, ಗೆಳೆಯರು, ಪಾಠದ ಭಾಷೆ, ದಾರಿ, ಎಲ್ಲ ಒಟ್ಟಿಗೆ ಬದಲಾಗುತ್ತದೆ. ನಾವು ಮಾತ್ರ ಮಾರ್ಕ್ಸ್ ಕೇಳುತ್ತಾ ಕೂತಿರುತ್ತೇವೆ.

ಮಾರ್ಕ್ಸ್ ವಿಷಯ ಮೊದಲು ಮುಗಿಸಿಬಿಡೋಣ. ಮಹಾರಾಷ್ಟ್ರದಲ್ಲಿ ಏಳನೆಯ ಪ್ರಗತಿ ಪುಸ್ತಕದಲ್ಲಿ ಇರುವುದು ಗ್ರೇಡು. ನೂರರಲ್ಲಿ 40 ಅಂಕ ತರಗತಿಯ ಕೆಲಸಕ್ಕೆ, ಅಂದರೆ ಬಾಯಲ್ಲಿ ಉತ್ತರ ಹೇಳುವುದು, ಪ್ರಯೋಗ, ಹೋಮ್‌ವರ್ಕ್ ಇತ್ಯಾದಿಗೆ. 60 ಅಂಕ ಪರೀಕ್ಷೆಗೆ. 91ರ ಮೇಲೆ ಬಂದರೆ ಎ-1, 81ರಿಂದ 90 ಆದರೆ ಎ-2, ಹೀಗೇ ಹತ್ತತ್ತು ಅಂಕ ಇಳಿಯುತ್ತಾ ಹೋಗುತ್ತದೆ. ಊರಿಂದ ಮಾವ ಫೋನ್ ಮಾಡಿ 'ಎಷ್ಟು ಪರ್ಸೆಂಟು?' ಅಂದರೆ 'ಬಿ-1 ಮಾವ, ಚೆನ್ನಾಗಿದೆ' ಅಂತ ನೀವೇ ಹೇಳಿ. ಫೋನನ್ನು ಮಗುವಿನ ಕೈಗೆ ಕೊಡಬೇಡಿ.

ಈಗ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು ಎಲ್‌ಸಿ. ಊರಲ್ಲಿ ಟಿಸಿ ಅನ್ನುತ್ತಾರಲ್ಲ, ಅದೇ ಇಲ್ಲಿ ಎಲ್‌ಸಿ, ಮರಾಠಿಯಲ್ಲಿ ಶಾಳಾ ಸೋಡಲ್ಯಾಚಾ ದಾಖಲಾ. ಸಾಮಾನ್ಯವಾಗಿ ಮೇ ಒಂದಕ್ಕೆ, ಮಹಾರಾಷ್ಟ್ರ ದಿನದಂದು, ರಿಸಲ್ಟ್ ಕೊಡುತ್ತಾರೆ. ನಮ್ಮ ಜನ ಎರಡನೇ ತಾರೀಖಿಗೆ ಊರಿಗೆ ಹೋಗುವ ಮತ್ಸ್ಯಗಂಧ ರೈಲು ಬುಕ್ ಮಾಡಿಟ್ಟಿರುತ್ತಾರೆ. ಜೂನ್ ಎರಡನೇ ವಾರ ವಾಪಸ್ ಬಂದು ಶಾಲೆ ಮುಂದೆ ಲೈನ್ ಹಚ್ಚುತ್ತಾರೆ. ಹಾಗೆ ಮಾಡಬೇಡಿ. ಎರಡು ದಿನ ತಡವಾಗಿ ಹೊರಡಿ, ಎಲ್‌ಸಿಗೆ ಅರ್ಜಿ ಕೊಟ್ಟೇ ಹೋಗಿ.

ಎಲ್‌ಸಿ ಕೈಗೆ ಬಂದ ಕೂಡಲೇ ಅಲ್ಲೇ ಬೆಂಚಿನ ಮೇಲೆ ಕೂತು ಓದಿ. ಮನೆಗೆ ಬಂದು ಅಲ್ಲ, ಅಲ್ಲೇ. ಇಲ್ಲಿ ಹೆಸರು ಬರೆಯುವ ಕ್ರಮ ಅಂದರೆ ಮಗುವಿನ ಹೆಸರು, ಅಪ್ಪನ ಹೆಸರು, ಆಮೇಲೆ ಅಡ್ಡಹೆಸರು. ನಮ್ಮ ಕಡೆಯವರಲ್ಲಿ ಕೆಲವರಿಗೆ ಅಡ್ಡಹೆಸರೇ ಇರುವುದಿಲ್ಲ, ಕೆಲವರಿಗೆ ಇನಿಶಿಯಲ್ ಮಾತ್ರ. ನನ್ನ ಮಗನದು ಆಧಾರ್‌ನಲ್ಲಿ ಒಂದು ತರ, ಜನ್ಮ ದಾಖಲೆಯಲ್ಲಿ ಒಂದು ತರ, ಎಲ್‌ಸಿಯಲ್ಲಿ ಮೂರನೆಯ ತರ. ಅಪ್ಪನ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗಿ ಕೂತಿತ್ತು. ನಾನು ನೋಡಿದ್ದು ಹೊಸ ಶಾಲೆಯ ಕ್ಲರ್ಕ್ ಬೆರಳಿಟ್ಟು ತೋರಿಸಿದಾಗ. ಅದನ್ನು ತಿದ್ದಿಸಲು ಹಳೇ ಶಾಲೆಗೆ ಐದು ಸಲ ಹೋದೆ, ಒಂದು ಸಲ ಸರ್ ಇಲ್ಲ, ಒಂದು ಸಲ ಸಿಕ್ಕಾ, ಅಂದರೆ ಶಾಲೆಯ ಮೊಹರು, ಇಲ್ಲ. ಹತ್ತನೆಯ ಬೋರ್ಡ್ ಸರ್ಟಿಫಿಕೇಟಿನವರೆಗೂ ಈ ಹೆಸರೇ ಹಿಂದೆ ಬರುತ್ತದೆ. ಹೆಸರು, ಅಮ್ಮನ ಹೆಸರು, ಹುಟ್ಟಿದ ತಾರೀಖು ಅಂಕಿಯಲ್ಲೂ ಅಕ್ಷರದಲ್ಲೂ, ಹುಟ್ಟಿದ ಊರು, ಜಾತಿ, ಇಷ್ಟನ್ನೂ ನೋಡಿ. ನಾಲ್ಕೈದು ಜೆರಾಕ್ಸ್ ತೆಗೆಸಿ, ಮೂಲ ಪ್ರತಿಯ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ.

ಒಂದು ಕಾನೂನಿನ ಮಾತು ಗೊತ್ತಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯವರೆಗೆ ಅನ್ವಯಿಸುತ್ತದೆ. ಮಗು ಬೇರೆ ಸರಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವಾಗ ಮುಖ್ಯಾಧ್ಯಾಪಕರು ದಾಖಲೆಯನ್ನು ತಕ್ಷಣ ಕೊಡಬೇಕು, ಅದು ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಹೊಸ ಶಾಲೆ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ಜಗಳಕ್ಕೆ ಹೋಗಬೇಡಿ. ಮೆಲ್ಲಗೆ ಹೇಳಿ, ಸಾಕು.

ಶಾಲೆ ನೋಡುವಾಗ ಬಿಲ್ಡಿಂಗ್ ನೋಡಿ ಮರುಳಾಗಬೇಡಿ. 'ಗ್ರಾಂಟ್ ಇದೆಯಾ?', ಅಂದರೆ ಸರಕಾರದ ಅನುದಾನ ಬರುತ್ತದಾ ಅಂತ ಕೇಳಿ. ಯಾಕೆ ಅಂದರೆ ಎಂಟನೆಯಲ್ಲಿ ಎನ್‌ಎಂಎಂಎಸ್ ಅಂತ ಒಂದು ಸ್ಕಾಲರ್‌ಶಿಪ್ ಪರೀಕ್ಷೆ ಇದೆ. ಸಿಕ್ಕಿದರೆ ಒಂಬತ್ತರಿಂದ ಹನ್ನೆರಡರ ತನಕ ವರ್ಷಕ್ಕೆ 12,000 ರೂಪಾಯಿ. ಅಪ್ಪ ಅಮ್ಮನ ವರ್ಷದ ಆದಾಯ ಮೂರೂವರೆ ಲಕ್ಷ ಮೀರಬಾರದು, ಮತ್ತು ಅದು ಸರಕಾರಿ, ಪಾಲಿಕೆ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಹೋಟೆಲಿನಲ್ಲಿ ದುಡಿಯುವ ಅಪ್ಪ ಸಾಲ ಮಾಡಿ ಗ್ರಾಂಟ್ ಇಲ್ಲದ ಶಾಲೆಗೆ ಸೇರಿಸಿದರೆ, ಫೀಸೂ ಹೋಯಿತು, ಈ ಅವಕಾಶವೂ ಹೋಯಿತು. ಏಳನೆಯ ಮಾರ್ಕ್ಸ್ ಬೇಕಾಗುವುದು ಇಲ್ಲಿ ನೋಡಿ, ಪರೀಕ್ಷೆಗೆ ಕೂರಲು ಸಾಮಾನ್ಯ ವರ್ಗದವರಿಗೆ ಏಳರಲ್ಲಿ 55 ಪ್ರತಿಶತ ಇರಬೇಕು.

ಭಾಷೆಗೆ ಬರೋಣ. ನಮ್ಮ ಮಗನಿಗೆ ಸಿಕ್ಕಿದ್ದು ಚೆಂಬೂರಿನ ಇಂಗ್ಲಿಷ್ ಮೀಡಿಯಂ ಶಾಲೆ. ಕನ್ನಡ ಮೀಡಿಯಂ ಹೈಸ್ಕೂಲು ಹತ್ತಿರದಲ್ಲಿ ಇದ್ದರೆ ಮೊದಲು ಅಲ್ಲಿಗೇ ಹೋಗಿ ವಿಚಾರಿಸಿ ಅನ್ನುವವಳು ನಾನು, ಪಕ್ಕದ ಮನೆಯವರು ಸೇರಿಸಿದರು ಅಂತ ಮೀಡಿಯಂ ಬದಲಿಸುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಬದಲಿಸಲೇಬೇಕಾಗಿ ಬಂದರೆ ಮೇ ತಿಂಗಳನ್ನು ಬಿಡಬೇಡಿ.

ಒಂದು ಸಂಜೆ ಸೊಪ್ಪು ಬಿಡಿಸುತ್ತಾ ಸುಮ್ನೆ ಕೇಳಿದೆ, '12, 18ರ ಎಲ್‌ಸಿಎಂ ಎಷ್ಟು?' ಹುಡುಗ ನನ್ನನ್ನೇ ನೋಡಿದ, ನಾನೇನೋ ಹೊಸ ಪಾಠ ಕೇಳಿದ ಹಾಗೆ. ಆಮೇಲೆ ಅದನ್ನೇ ಕನ್ನಡದಲ್ಲಿ 'ಲಸಾಅ ಎಷ್ಟೋ?' ಅಂದೆ. ಬಾಯಿ ಮುಚ್ಚುವ ಮೊದಲೇ '36' ಅಂದ. ಅವತ್ತು ನನಗೆ ಅರ್ಥವಾಯಿತು, ಇವನಿಗೆ ಗಣಿತ ಬರುತ್ತದೆ, ಬಾರದೆ ಇರುವುದು ಹೆಸರು. ಇದಕ್ಕೆ ಟ್ಯೂಷನ್ ಕ್ಲಾಸು ಯಾಕೆ?

ಮಾಡಬೇಕಾದ್ದು ಇಷ್ಟೇ. ಪುಣೆಯ ಬಾಲಭಾರತಿ ಪ್ರಕಟಿಸುವ ಪುಸ್ತಕಗಳು ಅವರ ಇ-ಬಾಲಭಾರತಿ ಜಾಲತಾಣದಲ್ಲಿ ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ, ಕನ್ನಡದಲ್ಲೂ ಇವೆ, ಇಂಗ್ಲಿಷ್‌ನಲ್ಲೂ ಇವೆ. ಏಳನೆಯ ಗಣಿತ ಎರಡೂ ಭಾಷೆಯಲ್ಲಿ ಪಾಠ ಅದೇ, ಚಿತ್ರ ಅದೇ, ಲೆಕ್ಕ ಅದೇ. ಎಂಟನೆಯದನ್ನು ಈಗಲೇ ಬಿಚ್ಚಬೇಡಿ! ಮಗು ಓದಿ ಮುಗಿಸಿದ ಏಳನೆಯದನ್ನೇ ಇಂಗ್ಲಿಷ್‌ನಲ್ಲಿ ತೆಗೆದು ಕನ್ನಡದ ಪುಸ್ತಕದ ಪಕ್ಕ ಇಡಿ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ಛೇದ, ಬಲಕ್ಕೆ ಡಿನಾಮಿನೇಟರ್. ತ್ರಿಜ್ಯ, ರೇಡಿಯಸ್. ಆಮ್ಲ, ಆಸಿಡ್. ದಿನಕ್ಕೆ ಐದು ಪದ, ಅದಕ್ಕಿಂತ ಜಾಸ್ತಿ ಬೇಡ. ಮಗುವೇ ಹುಡುಕಿ ಬರೆಯಲಿ, ನೀವು ಬರೆದು ಕೊಟ್ಟರೆ ಅದು ನಿಮ್ಮ ನೋಟ್‌ಬುಕ್ಕು ಆಗುತ್ತದೆ. ನಿಮಗೆ ಇಂಗ್ಲಿಷ್ ಬರಲ್ಲ ಅನ್ನುವ ಸಂಕೋಚವೂ ಬೇಡ, ಚಿತ್ರ ನೋಡಿ ಇಬ್ಬರೂ ಸೇರಿ ಊಹಿಸಬಹುದು. ಮರಾಠಿ ನಮ್ಮ ಮಕ್ಕಳಿಗೆ ಹೇಗೂ ಬರುತ್ತದೆ, ಹೊಸ ಶಾಲೆಯಲ್ಲಿ ಮೊದಲ ವಾರ ಅವರನ್ನು ಕಾಪಾಡುವುದು ಅದೇ.

ಇಷ್ಟಾದರೆ ಊರಿಗೆ ಹೋಗಿ. ನೋಟ್‌ಬುಕ್ಕು ಜೊತೆಗಿರಲಿ, ಆದರೆ ಅಜ್ಜಿ ಮನೆಯಲ್ಲಿ ಅದನ್ನು ತೆಗೆದರೂ ಸರಿ, ತೆಗೆಯದಿದ್ದರೂ ಸರಿ. ಅಲ್ಲಿ ಕನ್ನಡ ಪೇಪರ್ ಓದಿ ಹೇಳುವ ಕೆಲಸ ಅಜ್ಜನಿಗೋಸ್ಕರ ಅಂತ ಮಗನಿಗೆ ವಹಿಸಿ. ಇಂಗ್ಲಿಷ್ ಮೀಡಿಯಂಗೆ ಹೋದ ಮೇಲೆ ಕನ್ನಡ ಅಕ್ಷರ ಎಷ್ಟು ಬೇಗ ಕೈ ತಪ್ಪುತ್ತದೆ ಅಂತ ನಮ್ಮ ಬಿಲ್ಡಿಂಗಿನಲ್ಲೇ ನೋಡಿದ್ದೇನೆ.

ದಾರಿಯ ಅಭ್ಯಾಸ ಜೂನ್ ಮೊದಲ ವಾರದಲ್ಲಿ ಮಾಡಿಸಿ. ನಮ್ಮದು ಹಾರ್ಬರ್ ಲೈನು, ಜಿಟಿಬಿ ನಗರದಲ್ಲಿ ಹತ್ತಿ ಚುನಾಭಟ್ಟಿ, ಕುರ್ಲಾ, ತಿಲಕ್ ನಗರ ದಾಟಿ ಚೆಂಬೂರು. ಇಷ್ಟು ವರ್ಷ ಮಗ ನನ್ನ ಜೊತೆ ಲೇಡೀಸ್ ಡಬ್ಬಿಯಲ್ಲಿ ಬರುತ್ತಿದ್ದ. 12 ದಾಟಿದ ಹುಡುಗರಿಗೆ ಅಲ್ಲಿ ಜಾಗ ಇಲ್ಲ. ಜನರಲ್ ಡಬ್ಬಿ ಹತ್ತುವುದು ಹೇಗೆ, ಕುರ್ಲಾದಲ್ಲಿ ಇಳಿಯುವ ಜನ ತಳ್ಳುವಾಗ ಬ್ಯಾಗ್ ಎದೆಗೆ ಹಾಕಿಕೊಂಡು ಎಲ್ಲಿ ನಿಲ್ಲಬೇಕು, ಯಾವ ಕಡೆ ಪ್ಲಾಟ್‌ಫಾರ್ಮ್ ಬರುತ್ತದೆ, ಇದನ್ನೆಲ್ಲ ಅಪ್ಪನೇ ಕಲಿಸಬೇಕು. ನಮ್ಮವರಿಗೆ ರಾತ್ರಿ ಪಾಳಿ. ಆದರೂ ಎರಡು ದಿನ ನಿದ್ದೆ ಬಿಟ್ಟು ಹೋದರು. ಭಾನುವಾರ ಖಾಲಿ ಗಾಡಿಯಲ್ಲಿ ಕರೆದುಕೊಂಡು ಹೋದರೆ ಏನೂ ಪ್ರಯೋಜನ ಇಲ್ಲ, ಶಾಲೆಯ ಟೈಮಿಗೇ ಹೋಗಬೇಕು. ಮೊದಲ ದಿನ ಪಕ್ಕದಲ್ಲಿ, ಎರಡನೇ ದಿನ ಹತ್ತು ಹೆಜ್ಜೆ ಹಿಂದೆ.

ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಒಟ್ಟಿಗೇ. ಚುನಾಭಟ್ಟಿ, ಕುರ್ಲಾ ಹತ್ತಿರ ಹಳಿ ಮೇಲೆ ನೀರು ನಿಲ್ಲುವುದು ಎಲ್ಲರಿಗೂ ಗೊತ್ತು. ಗಾಡಿ ನಿಂತರೆ ಶಾಲೆಯಲ್ಲೇ ಇರಬೇಕು, ಟೀಚರ್ ಫೋನಿನಿಂದ ಮನೆಗೆ ಹೇಳಬೇಕು, ಯಾರು ಕರೆದರೂ ಹಳಿ ಮೇಲೆ ನಡೆಯಬಾರದು. ಇದೊಂದನ್ನು ಮಾತ್ರ ನಾನು ಗದರಿಸಿಯೇ ಹೇಳಿದ್ದೇನೆ. ಎರಡು ಫೋನ್ ನಂಬರ್ ಬಾಯಿಪಾಠ ಇರಲಿ. ಇನ್ನೊಂದು ಮಾತು, ಶಾಲೆಯಿಂದ ಸರ್ಟಿಫಿಕೇಟ್ ತಂದುಕೊಟ್ಟರೆ ಮನೆಯಿಂದ ಶಾಲೆಗೆ ರೈಲಿನ ಎರಡನೇ ದರ್ಜೆ ಮಾಸಿಕ ಪಾಸ್ ಪುಕ್ಕಟೆ, ಹುಡುಗರಿಗೆ ಹನ್ನೆರಡನೆಯವರೆಗೆ, ಹುಡುಗಿಯರಿಗೆ ಡಿಗ್ರಿವರೆಗೆ. ಗೊತ್ತಿಲ್ಲದೆ ದುಡ್ಡು ಕೊಡುವವರು ಬೇಕಾದಷ್ಟಿದ್ದಾರೆ.

ಹೆಣ್ಣುಮಕ್ಕಳ ಅಮ್ಮಂದಿರು, ಅಡ್ಮಿಷನ್ ದಿನವೇ ಶಾಲೆಯ ಪಾಯಿಖಾನೆ ನೋಡಿ ಬನ್ನಿ. ನೀರು ಬರುತ್ತದಾ, ಬಾಗಿಲಿಗೆ ಚಿಲಕ ಇದೆಯಾ. ಮುಟ್ಟು ಇನ್ನೂ ಶುರುವಾಗದಿದ್ದರೂ ಬ್ಯಾಗಿನಲ್ಲಿ ಎರಡು ಪ್ಯಾಡ್, ಒಂದು ಹಳೇ ಪೇಪರ್ ಇಟ್ಟು, ಯಾವ ಟೀಚರನ್ನು ಕೇಳಬೇಕು ಅಂತ ಹೇಳಿಡಿ. ನನ್ನ ತಂಗಿಯ ಮಗಳು ಒಂದು ತಿಂಗಳು ಶಾಲೆಯಲ್ಲಿ ನೀರೇ ಕುಡಿಯುತ್ತಿರಲಿಲ್ಲ. ಕಾರಣ ಕೇಳಿದರೆ ಆ ಬಾಗಿಲು.

ಶಾಲೆ ಎಂಟಕ್ಕೆ ಮುಗಿಯುವವರಿಗೆ ಒಂದು ಮಾತು. ಐದು ಮತ್ತು ಎಂಟರಲ್ಲಿ ಈಗ ವಾರ್ಷಿಕ ಪರೀಕ್ಷೆಯಲ್ಲಿ ಪಾಸಾಗಲೇಬೇಕು. ಆಗದಿದ್ದರೆ ಮರುಪರೀಕ್ಷೆ ಇದೆ, ಅದರಲ್ಲೂ ಆಗದಿದ್ದರೆ ಅದೇ ತರಗತಿ. ಆದರೆ ಎಂಟು ಮುಗಿಯುವ ತನಕ ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ. ಅಂಥ ಮಗು ಮನೆಯಲ್ಲಿದ್ದರೆ ಮೇಲೆ ಹೇಳಿದ್ದೆಲ್ಲ ಪಕ್ಕಕ್ಕಿಡಿ, ಊರಿನ ಟಿಕೆಟ್ ಕ್ಯಾನ್ಸಲ್ ಮಾಡಿ, ಯಾವ ವಿಷಯ ಹೋಯಿತೋ ಅದನ್ನು ಹಿಡಿದು ಜೊತೆಗೆ ಕೂರಿ. ಬೈಯುವುದಕ್ಕೆ ಆಮೇಲೆ ಬೇಕಾದಷ್ಟು ಟೈಮ್ ಇದೆ.

ಗೆಳೆಯರ ವಿಷಯಕ್ಕೆ ದೊಡ್ಡ ಉಪಾಯ ಏನಿಲ್ಲ. 'ಹೊಸ ಫ್ರೆಂಡ್ಸ್ ಸಿಗ್ತಾರೆ ಬಿಡು' ಅನ್ನಬೇಡಿ, ಆ ಮಾತು ಕೇಳಿದರೆ ಮಕ್ಕಳಿಗೆ ಇನ್ನೂ ಸಿಟ್ಟು ಬರುತ್ತದೆ. ಹಳೆಯವರ ಅಪ್ಪ ಅಮ್ಮನ ನಂಬರ್ ತೆಗೆದುಕೊಳ್ಳಿ, ತಿಂಗಳಿಗೊಂದು ಭಾನುವಾರ ಮನೆಗೆ ಕರೆಯಿರಿ, ಅವಲಕ್ಕಿ ಒಗ್ಗರಣೆ ಹಾಕಿಕೊಟ್ಟು ನೀವು ಒಳಗೆ ಹೋಗಿಬಿಡಿ.

ಜೂನ್‌ನಲ್ಲಿ ಶಾಲೆಯಿಂದ ಬಂದ ಕೂಡಲೇ 'ಏನು ಕಲಿಸಿದರು?' ಅಂತ ಕೇಳಿದರೆ 'ಏನಿಲ್ಲ' ಅಂತಲೇ ಉತ್ತರ. 'ನಿನ್ನ ಬೆಂಚಲ್ಲಿ ಯಾರು ಕೂರ್ತಾರೆ?' ಅಂತ ಕೇಳಿ ನೋಡಿ. ಮೊದಲ ಯುನಿಟ್ ಟೆಸ್ಟ್ ತನಕ ಯಾವ ಕ್ಲಾಸಿಗೂ ದುಡ್ಡು ಕಟ್ಟಬೇಡಿ. ನಮ್ಮ ಹುಡುಗನಿಗೆ ಗಣಿತದಲ್ಲಿ 20ಕ್ಕೆ 9 ಬಂತು. ಅವತ್ತು ಸಂಜೆ ನಾನು ಕ್ಲಾಸಿನ ಫೀಸು ವಿಚಾರಿಸಿಯೂ ಬಂದಿದ್ದೆ. ರಾತ್ರಿ ಉತ್ತರ ಪತ್ರಿಕೆ ಬಿಡಿಸಿ ಇಬ್ಬರೂ ಕೂತೆವು. ತಪ್ಪಾಗಿದ್ದ ಐದು ಲೆಕ್ಕದಲ್ಲಿ ಮೂರರಲ್ಲಿ ಪೆರಿಮೀಟರ್ ಅಂತಿತ್ತು, ಇವನು ಮೂರಕ್ಕೂ ಕ್ಷೇತ್ರಫಲ ಬರೆದಿದ್ದ, ಅದೂ ಸರಿಯಾಗಿ. ನೋಟ್‌ಬುಕ್ ತೆಗೆದು ಎಡಕ್ಕೆ ಸುತ್ತಳತೆ ಅಂತ ಬರೆಸಿದೆ.