ಒರೆಸದೆ ಬಿಟ್ಟ ಚೌಕಗಳು

"ಗೋಡೆಗೆ ಬಣ್ಣ ಬಳಿದರೆ ಆ ಹುಡುಗರಿಗೆ ನಿದ್ದೆ ಬರುತ್ತಾ ಮಾರಾಯ?" ಸುಡಾನಿನ ಯುದ್ಧದಿಂದ ವಾಪಸ್ ಬಂದ ಹುಡುಗರ ಕೈಲಿ ನಾನು ಗೋಡೆಗೆ ಚಿತ್ರ ಬರೆಸೋಕೆ ಹೊರಟಾಗ ಹೀಗೆ ನಕ್ಕಿದ್ದ ಸ್ನೇಹಿತನೇ ಮೊನ್ನೆ ಫೋನ್ ಮಾಡಿದ್ದ. ತನ್ನೂರಲ್ಲೂ ಒಂದು ಉದ್ದನೆ ಗೋಡೆ ಇದೆಯಂತೆ, ಹೇಗೆ ಮಾಡಿದೆ ಹೇಳು ಅಂದ. ಫೋನಲ್ಲಿ ಹೇಳಿ ಮುಗಿಯುವುದಲ್ಲ, ಅದಕ್ಕೇ ಇದು.

ಗೋಡೆ ಇರುವುದು ಬೇಲೂರು ಕಡೆಯ ಒಂದು ಹಕ್ಕಿಪಿಕ್ಕಿ ಕಾಲೊನಿಯಲ್ಲಿ. ಊರ ಹೆಸರು ಬರೆಯುವುದಿಲ್ಲ, ಹುಡುಗರು ಬೇಡ ಅಂದಿದ್ದಾರೆ. ಹಿಂದೆ ಹಕ್ಕಿ ಹಿಡಿದು ಬದುಕುತ್ತಿದ್ದ, ಈಗ ತಲೆಗೂದಲಿನ ಎಣ್ಣೆ, ಗಿಡಮೂಲಿಕೆ ಮಾರಿಕೊಂಡು ಆಫ್ರಿಕಾದವರೆಗೂ ಹೋಗಿಬರುವ ಜನ ಇವರು. 2023ರ ಏಪ್ರಿಲ್ 15ಕ್ಕೆ ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಶುರುವಾದಾಗ ಕರ್ನಾಟಕದ ನೂರಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಹಾಕಿಕೊಂಡರು. ನಮ್ಮ ಹುಡುಗರು ಬಂದದ್ದು ಭಾರತ ಸರ್ಕಾರ ತನ್ನವರನ್ನು ಅಲ್ಲಿಂದ ಕರೆತಂದ ಆಪರೇಷನ್ ಕಾವೇರಿಯಲ್ಲಿ. ಬಸ್ಸಿನಲ್ಲಿ ಪೋರ್ಟ್ ಸುಡಾನ್, ಹಡಗಿನಲ್ಲಿ ಜೆಡ್ಡಾ, ಅಲ್ಲಿಂದ ವಿಮಾನ. ಮಾಲು ಅಲ್ಲೇ ಹೋಯಿತು. ಸಾಲ ಮಾತ್ರ ಇಲ್ಲಿ ಕಾಯುತ್ತಿತ್ತು.

ಆ ಜೂನಲ್ಲಿ ನಾನು ಮಾಡಿದ್ದೆಲ್ಲ ಎಡವಟ್ಟೇ. ಮೊದಲು ಸಮುದಾಯ ಭವನದಲ್ಲಿ ಡ್ರಾಯಿಂಗ್ ಶೀಟು, ಕ್ರಯಾನು ಹಂಚಿ "ಕಂಡದ್ದನ್ನು ಬರೆಯಿರಿ" ಅಂದೆ. ಸುಡಾನಿಗೆ ಹೋಗದೇ ಇದ್ದ ಚಿಕ್ಕ ಮಕ್ಕಳು ಮೊಬೈಲ್ ಆಟದಲ್ಲಿ ನೋಡಿದ ಬಂದೂಕು, ಟ್ಯಾಂಕು ಬರೆದು ಕುಣಿದಾಡಿದವು. ಹೋಗಿಬಂದ ಹುಡುಗರು ಹೊರಗೆ ಜಗಲಿ ಮೇಲೆ ಬೀಡಿ ಸೇದುತ್ತಾ ಕೂತರು. ಮಧ್ಯಾಹ್ನದ ಉಪ್ಪಿಟ್ಟಿಗೆ ಮಾತ್ರ ಒಳಗೆ ಬಂದರು. ಶೀಟು, ಕ್ರಯಾನು, ಉಪ್ಪಿಟ್ಟು ಸೇರಿ ಸುಮಾರು ಮೂರು ಸಾವಿರ ಹೋಯಿತು.

ಆಮೇಲೆ ನಾನೇ ಒಂದು ಡಿಸೈನ್ ಮಾಡಿದೆ. ಪಾರಿವಾಳ, ಭೂಗೋಳ, ಕೈ ಕೈ ಹಿಡಿದ ಮಕ್ಕಳು. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ. ಅದನ್ನು ಹಳೇ ಸುಣ್ಣದ ಗೋಡೆ ಮೇಲೆ ಎಮಲ್ಷನ್‌ನಲ್ಲಿ ಎಳೆದೆ. ಸುಣ್ಣದ ಮೇಲೆ ಎಮಲ್ಷನ್ ನಿಲ್ಲುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಕೆರೆಯುವ ಕೂಲಿ ಉಳಿಸೋಣ ಅಂತ ದುರಾಸೆ. ಜುಲೈ ಮಳೆಗೆ ಪಾರಿವಾಳ ಹಪ್ಪಳದ ಹಾಗೆ ಎದ್ದು ಬಂತು. ಇನ್ನೊಂದು ಏಳು ಸಾವಿರ ಚರಂಡಿಗೆ. ಹಣ ಕೊಡುತ್ತೇನೆ ಅಂದಿದ್ದ ಒಬ್ಬ ಮಹನೀಯರು ಗೋಡೆ ನಡುವೆ ತಮ್ಮ ಫೋಟೋ ಬರಬೇಕು ಅಂದರು. ಅಲ್ಲಿಗೆ ಅದೂ ಮುಗಿಯಿತು.

ದೀಪಾವಳಿ ಕಳೆದ ಮೇಲೆ ಮತ್ತೆ ಹೋದೆ. ಈ ಸಲ ಚಿತ್ರದ ಮಾತೇ ಎತ್ತಲಿಲ್ಲ. "ಗೋಡೆ ಕೆಲಸ ಇದೆ, ಅರ್ಧ ದಿನಕ್ಕೆ 350, ಬರ್ತೀರಾ?" ಅಂದೆ. ಎಂಟೊಂಬತ್ತು ಜನ ಬಂದರು. ಜಗಲಿ ಮೇಲೆ ಕೂತಿದ್ದವರೇ! ಸಾಲ ಇರುವವನನ್ನು ಪುಕ್ಕಟೆ ಚಿತ್ರ ಬರೆಯೋಕೆ ಕರೆದರೆ ಬರುತ್ತಾನಾ? ಎರಡು ದಿನ ಬರೀ ಸುಣ್ಣ ಕೆರೆದೆವು. ಮೂಗು, ಬಾಯಿ, ರೆಪ್ಪೆ ಎಲ್ಲ ಬಿಳಿ. ಆ ಧೂಳಿನಲ್ಲೇ ಮಾತು ಶುರುವಾಯಿತು. ನಾನು ಒಂದೂ ಪ್ರಶ್ನೆ ಕೇಳಲಿಲ್ಲ. ನನ್ನ ಹೆಂಡತಿ ಇದನ್ನು ನಂಬುವುದಿಲ್ಲ.

ಗೋಡೆ ಅರವತ್ತಡಿ ಉದ್ದ, ಆರಡಿ ಎತ್ತರ. ಹೊರಗೋಡೆಯ ಪ್ರೈಮರ್ ಒಂದು ಕೈ, ಬಿಳಿ ಎರಡು ಕೈ. ಬಟ್ಟೆ ನೀಲಿ ಅದ್ದಿದ ದಾರ ಹೊಡೆದು ಎರಡೆರಡಡಿಯ ಚೌಕ ಹಾಕಿದೆ, ತೊಂಬತ್ತು ಚೌಕ. ಚಿಕ್ಕ ಚಿತ್ರವನ್ನು ಗೋಡೆ ಮೇಲೆ ದೊಡ್ಡದು ಮಾಡೋಕೆ ಚಿತ್ರ ಬರೆಯುವ ನಾವೆಲ್ಲ ಹಾಕುವ ಅದೇ ಚೌಕ, ಕೊನೆಗೆ ಒರೆಸಿಬಿಡುತ್ತೇವೆ ಅಲ್ವಾ? ಅಷ್ಟರಲ್ಲಿ ಅಲ್ಲೇ ಬಿಸಿಲು ಕಾಯಿಸುತ್ತಿದ್ದ ಒಬ್ಬ ಅಜ್ಜ ಎದ್ದು ಬಂದರು. "ಇದು ನಮ್ಮ ಬಲೆ ಅಲ್ವಾ ಸಾಮಿ? ಕಣ್ಣು ಸ್ವಲ್ಪ ದೊಡ್ಡದಾಯ್ತು, ಕೌಜುಗ ನುಸುಳ್ಕಂಡು ಹೋಗುತ್ತೆ" ಅಂದರು. ಹಕ್ಕಿ ಹಿಡಿಯೋದು 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಪರಾಧವಾಯಿತು. ಈ ಹುಡುಗರು ಬಲೆ ಹಾಕಿದವರಲ್ಲ. ಆದರೆ ಅಜ್ಜ ಗೋಡೆ ಮುಂದೆ ಕೂತು ಕೌಜುಗದ ಕೂಗು ಕೂಗಿ ತೋರಿಸಿದರು ನೋಡಿ, ಎಲ್ಲರ ಕೈಯೂ ನಿಂತುಹೋಯಿತು. ಚೌಕ ಒರೆಸಬಾರದು ಅಂತ ಆ ಹೊತ್ತಿಗೇ ತೀರ್ಮಾನ ಆಯಿತು. ನೀಲಿ ಗೆರೆ ಮೇಲೆ ಕಪ್ಪು ಗೆರೆ ಎಳೆದು ಬಲೆ ಮಾಡಿದೆವು. ಒಬ್ಬೊಬ್ಬರಿಗೆ ಇಷ್ಟಿಷ್ಟು ಕಣ್ಣು, ಒಳಗೆ ಏನು ಬೇಕಾದರೂ ಸಿಕ್ಕಿಬೀಳಲಿ.

ಜಾಸ್ತಿ ಹಕ್ಕಿಗಳೇ ಬಂದವು. ಎಣ್ಣೆ ಬಾಟಲಿ, ಪಾಸ್‌ಪೋರ್ಟು, ಹಡಗು, ಯಾರದೋ ಹಲ್ಲಿಲ್ಲದ ಅತ್ತೆ. ಇಪ್ಪತ್ತು ದಾಟಿರದ ಒಬ್ಬ ಹುಡುಗ ತನ್ನ ಚೌಕದಲ್ಲಿ ಬರೀ ಒಂದು ಪ್ಲಾಸ್ಟಿಕ್ ಕ್ಯಾನು ಬರೆದ. ತಳದಲ್ಲಿ ಎರಡು ಬೆರಳು ನೀರು. ಸುಡಾನಿನ ರಾಜಧಾನಿ ಖಾರ್ತೂಮಿನಲ್ಲಿ ಕರೆಂಟೂ ಇಲ್ಲ, ನೀರೂ ಇಲ್ಲದ ದಿನಗಳು ಅವು. ಆ ಎರಡು ಬೆರಳು ನೀರಿನ ಬಣ್ಣ ಕೂಡಿಸೋಕೆ ಮೂರು ದಿನ ತಗೊಂಡ. ಬಿಳಿಗೆ ನೀಲಿ ಸ್ಟೇನರ್ ಒಂದು ಹನಿ, ಹಳದಿ ಅರ್ಧ ಹನಿ, ಆಮೇಲೆ ಕಡ್ಡಿ ತುದಿಯಲ್ಲಿ ಕಪ್ಪು. ಒಣಗಿಸಿ ನೋಡೋದು, "ಇದಲ್ಲ ಸಾರ್" ಅನ್ನೋದು, ಮತ್ತೆ ಬಳಿಯೋದು. ಆ ಚೌಕವೇ ಗೋಡೆಯಿಂದ ಸ್ವಲ್ಪ ಉಬ್ಬಿದೆ, ಕೈಯಾಡಿಸಿದರೆ ಗೊತ್ತಾಗುತ್ತೆ. ನಾಲ್ಕನೇ ದಿನ ಬಂದು ಉಳಿದವರ ಡಬ್ಬ ತೊಳೆದಿಟ್ಟ. ಕ್ಯಾನಿನ ಸುದ್ದಿ ಎತ್ತಲಿಲ್ಲ.

ನಡುವೆ ನನ್ನದೊಂದು ಹುಚ್ಚು. ಕಾಫಿ ಸೀಮೆಯವನಲ್ವಾ, ಗಟ್ಟಿ ಡಿಕಾಕ್ಷನ್‌ಗೆ ಫೆವಿಕಾಲ್ ಕಲಸಿ ಕಂದು ಬಣ್ಣ ಮಾಡಿದೆ. ಚಿನ್ನದಂಥ ಬಣ್ಣ. ಹದಿನೈದು ದಿನಕ್ಕೆ ಬೂಷ್ಟು ಹಿಡಿಯಿತು. ಇದ್ದಿಲ ಪುಡಿ ಮಾತ್ರ ಚೆನ್ನಾಗಿ ನಿಂತಿದೆ. ಕೆಮ್ಮಣ್ಣೂ ನಿಂತಿದೆ, ಆದರೆ ಅದಕ್ಕೆ ಏನು ಬೆರೆಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಬಲೆಯ ಮೊದಲ ಗೆರೆ ಯಾರ ಕೈಲಿ ಎಳೆಸಿದೆ ಅನ್ನೋದೂ ಅಷ್ಟೇ. ಅದನ್ನು ನೀವು ನಿಮ್ಮ ಊರಲ್ಲೇ ಕಂಡುಕೊಳ್ಳಬೇಕು.

ಒಟ್ಟು ಖರ್ಚು ಮೂವತ್ತೆರಡು ಸಾವಿರದ ಆಸುಪಾಸು. ಅರ್ಧಕ್ಕಿಂತ ಜಾಸ್ತಿ ಕೂಲಿಗೇ ಹೋಯಿತು. ಒಂದು ಕಚೇರಿಯಿಂದ ಬರಬೇಕಿದ್ದ ದುಡ್ಡು ಇವತ್ತಿಗೂ ಬಂದಿಲ್ಲ. ಸ್ಕೂಟರ್ ಮಾರಿದೆ, ಹಳೇದು ಬಿಡಿ. ನಿದ್ದೆ ಬಂತಾ ಅಂದರೆ, ಸ್ನೇಹಿತನಿಗೆ ಹೇಳಿದ್ದನ್ನೇ ಹೇಳುತ್ತೇನೆ. ಎಲ್ಲರದು ಗೊತ್ತಿಲ್ಲ. ಮೊದಲೆಲ್ಲ ಬಸ್ ಸ್ಟ್ಯಾಂಡಲ್ಲಿ ನನ್ನ ಕಂಡರೆ ಆ ಕಡೆ ತಿರುಗುತ್ತಿದ್ದ ಇಬ್ಬರು ಈಗ ಕೂಗಿ ಕರೆದು ಟೀ ಕುಡಿಸುತ್ತಾರೆ.

ಕ್ಯಾನಿನ ಹುಡುಗ ಮತ್ತೆ ಎಣ್ಣೆ ವ್ಯಾಪಾರಕ್ಕೆ ಹೊರದೇಶಕ್ಕೆ ಹೋಗಿದ್ದಾನೆ. ಮಳೆಗಾಲದಲ್ಲಿ ಒಂದು ಉದ್ದನೆ ನಂಬರಿನಿಂದ ಫೋನ್ ಬಂತು, "ನೀರು ಹೋಯ್ತಾ ಸಾರ್?" ಅಂತ. ಛತ್ರಿ ಹಿಡಿದು ಹೋಗಿ ಫೋಟೋ ತೆಗೆದು ಕಳಿಸಿದೆ. ನೀರು ಹಾಗೇ ಇತ್ತು. ಕೆಳಗಿನ ಸಾಲಿಗೆ ಮಾತ್ರ ರಸ್ತೆಯ ಕೆಸರು ಹಾರಿ ಆರೇಳು ಚೌಕ ಹಾಳಾಗಿವೆ. ಮುಂದಿನ ಗೋಡೆಗೆ ನೆಲದಿಂದ ಒಂದಡಿ ಬಿಟ್ಟೇ ದಾರ ಹೊಡೆಯುತ್ತೇನೆ.