ಕ್ಯೂ ತಪ್ಪಿಸುವ ಟಿಕೆಟ್ ಕೊಳ್ಳುವ ಮೊದಲು ಕ್ಯೂ ಎಣಿಸಿ

ರಜೆ ಶುರುವಾದರೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮಕ್ಕಳದ್ದು ಒಂದೇ ಪ್ರಶ್ನೆ. ವಂಡರ್‌ಲಾಗೆ ಯಾವಾಗ ಹೋಗೋದು? ಸರಿ ಅಂತ ಬುಕಿಂಗ್ ಮಾಡಲು ಕೂತರೆ ಎರಡು ಥರದ ಟಿಕೆಟ್ ಕಾಣುತ್ತದೆ. ಒಂದು ಮಾಮೂಲಿ. ಇನ್ನೊಂದು ಫಾಸ್ಟ್‌ಟ್ರ್ಯಾಕ್. ಎರಡನೆಯದರ ಬೆಲೆ ಹತ್ತಿರ ಹತ್ತಿರ ದುಪ್ಪಟ್ಟು. ಅದನ್ನು ಕೊಂಡವರಿಗೆ ರೈಡ್‌ಗಳಲ್ಲಿ ಬೇರೆ ದಾರಿ, ಕಡಿಮೆ ಕಾಯುವಿಕೆ. ನಾಲ್ಕು ಜನ ಹೋದರೆ ಸಾವಿರಾರು ರೂಪಾಯಿ ವ್ಯತ್ಯಾಸ.

ಕೊಳ್ಳಬೇಕಾ, ಬೇಡವಾ? ಇದನ್ನು ಅಂದಾಜಿನ ಮೇಲೆ ತೀರ್ಮಾನಿಸಬೇಕಿಲ್ಲ. ಸ್ವಲ್ಪ ಎಣಿಸಲು ಬಂದರೆ ಸಾಕು, ಉತ್ತರ ನಿಮಗೇ ಸಿಗುತ್ತದೆ. ಅದನ್ನು ಹೇಗೆ ಮಾಡುವುದು ಅಂತ ಇಲ್ಲಿ ಹೇಳುತ್ತೇನೆ.

ಮೊದಲು: ಈ ಪಾಸ್ ಏನು ಮಾಡುತ್ತದೆ ತಿಳಿದುಕೊಳ್ಳಿ

ಪಾಸ್‌ನಿಂದ ರೈಡ್ ಬೇಗ ಓಡುವುದಿಲ್ಲ. ಸೀಟು ಒಂದೂ ಜಾಸ್ತಿ ಆಗುವುದಿಲ್ಲ. ಇರುವ ಸೀಟುಗಳಲ್ಲೇ ಒಂದಷ್ಟನ್ನು ಪಾಸ್ ಇದ್ದವರಿಗೆ ಬಿಟ್ಟುಕೊಡುತ್ತಾರೆ, ಅಷ್ಟೆ. ಅಂದರೆ ನಿಮಗೆ ಉಳಿದ ನಿಮಿಷಗಳನ್ನು ಪಕ್ಕದ ಸಾಲಿನಲ್ಲಿ ನಿಂತವರು ಕಾಯುತ್ತಾರೆ.

ಒಂದು ಲೆಕ್ಕ ನೋಡೋಣ. ಒಂದು ರೈಡ್‌ನಲ್ಲಿ 24 ಸೀಟು ಇದೆ ಅಂದುಕೊಳ್ಳಿ. ಜನ ಹತ್ತಿ, ಬೆಲ್ಟ್ ಹಾಕಿ, ಸುತ್ತು ಮುಗಿಸಿ, ಇಳಿಯುವುದಕ್ಕೆ 3 ನಿಮಿಷ. ಗಂಟೆಗೆ 20 ಸುತ್ತು, 480 ಜನ. ನಿಮ್ಮ ಮುಂದೆ 240 ಜನ ಇದ್ದರೆ ಅರ್ಧ ಗಂಟೆಯಲ್ಲಿ ನಿಮ್ಮ ಸರದಿ ಬರಬೇಕು.

ಈಗ ಪ್ರತಿ ಸುತ್ತಿನಲ್ಲೂ 12 ಸೀಟು ಪಾಸ್‌ನವರಿಗೆ ಹೋಯಿತು ಅಂತಿಟ್ಟುಕೊಳ್ಳಿ. ನಿಮ್ಮ ಸಾಲಿಗೆ ಉಳಿದದ್ದು ಗಂಟೆಗೆ 240 ಸೀಟು. ಅದೇ 240 ಜನರ ಹಿಂದೆ ನಿಂತ ನೀವು ಈಗ ಒಂದು ಗಂಟೆ ಕಾಯಬೇಕು. ಸಾಲು ಉದ್ದವಾಗಿಲ್ಲ, ಯಂತ್ರ ಕೆಟ್ಟಿಲ್ಲ. ಸಾಲು ಸಾಗುವ ವೇಗ ಮಾತ್ರ ಅರ್ಧಕ್ಕೆ ಇಳಿದಿದೆ. ‘ಇಷ್ಟೇ ಜನ ಇದ್ದಾರಲ್ಲ, ಯಾಕಿಷ್ಟು ಹೊತ್ತು?’ ಅಂತ ಅನ್ನಿಸುವುದು ಇದಕ್ಕೇ.

ಇದೇ ಲೆಕ್ಕ ಪಾಸ್ ಕೊಂಡವರಿಗೂ ಅನ್ವಯಿಸುತ್ತದೆ. ತುಂಬಾ ಜನ ಪಾಸ್ ಕೊಂಡ ದಿನ ಪಾಸ್‌ನ ಸಾಲೇ ಬೆಳೆಯುತ್ತದೆ. ಅದಕ್ಕೇ ಎಷ್ಟೋ ಪಾರ್ಕ್‌ಗಳು ದಿನಕ್ಕೆ ಇಷ್ಟೇ ಅಂತ ಮಿತಿ ಇಟ್ಟು ಮಾರುತ್ತವೆ.

ತಿರುಮಲಕ್ಕೆ ಹೋದವರಿಗೆ ಇದೇನು ಹೊಸದಲ್ಲ, ಅಲ್ವಾ? 300 ರೂಪಾಯಿಯ ವಿಶೇಷ ಪ್ರವೇಶ ದರ್ಶನದ ಟಿಕೆಟ್‌ನಲ್ಲಿ ಬರಬೇಕಾದ ಹೊತ್ತು ಬರೆದಿರುತ್ತದೆ. ಅಲ್ಲೇ ದುಡ್ಡಿಲ್ಲದೆ ಸಿಗುವ ಸರ್ವದರ್ಶನದ ಟೋಕನ್‌ಗೂ ಸಮಯ ಗೊತ್ತು ಮಾಡುತ್ತಾರೆ. ಇವೆರಡರ ನಡುವಿನ ವ್ಯತ್ಯಾಸ ಗಮನಿಸಿ. ಟೋಕನ್ ಪಡೆದವರು ತಮ್ಮ ಸರದಿಯನ್ನೇ ಕಾಯುತ್ತಾರೆ, ನಿಂತುಕೊಂಡು ಕಾಯುವುದು ಮಾತ್ರ ತಪ್ಪುತ್ತದೆ. ದುಡ್ಡಿನ ಟಿಕೆಟ್ ಸರದಿಯನ್ನೇ ಬದಲಿಸುತ್ತದೆ.

ಡಿಸ್ನಿಯ ಪಾರ್ಕ್‌ಗಳಲ್ಲೂ ಶುರುವಾಗಿದ್ದು ಟೋಕನ್ ಥರದ ವ್ಯವಸ್ಥೆಯೇ. 1999ರಲ್ಲಿ ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ ಫಾಸ್ಟ್‌ಪಾಸ್ ಬಂದಾಗ ಅದಕ್ಕೆ ದುಡ್ಡು ಇರಲಿಲ್ಲ. ಯಂತ್ರಕ್ಕೆ ಟಿಕೆಟ್ ತೋರಿಸಿದರೆ ಒಂದು ಚೀಟಿ ಬರುತ್ತಿತ್ತು. ಅದರಲ್ಲಿ ಬರೆದ ಹೊತ್ತಿಗೆ ಬಂದರೆ ಸಾಕು. ಕೋವಿಡ್ ಸಮಯದಲ್ಲಿ ಅದು ನಿಂತಿತು. 2021ರ ಅಕ್ಟೋಬರ್‌ನಲ್ಲಿ ಫ್ಲೋರಿಡಾದ ಒರ್ಲ್ಯಾಂಡೊದಲ್ಲಿರುವ ಡಿಸ್ನಿಯಲ್ಲಿ ಅದರ ಜಾಗಕ್ಕೆ ದುಡ್ಡಿನ ಸೇವೆ ಬಂತು. ಶುರುವಿನಲ್ಲಿ ಒಬ್ಬರಿಗೆ ದಿನಕ್ಕೆ 15 ಡಾಲರ್ ಮತ್ತು ತೆರಿಗೆ. ಆಮೇಲೆ ದರ ದಿನದಿಂದ ದಿನಕ್ಕೆ ಬದಲಾಗುವಂತಾಯಿತು. ಇಪ್ಪತ್ತು ವರ್ಷ ಪುಕ್ಕಟೆ ಇದ್ದದ್ದಕ್ಕೆ ಬೆಲೆ ಕಟ್ಟಿದ್ದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ಎರಡನೆಯದು: ದಿನ ಆರಿಸಿ

ಪಾಸ್ ಬೇಕಾ ಅನ್ನುವ ಪ್ರಶ್ನೆಗೆ ಮುಕ್ಕಾಲು ಉತ್ತರ ಕ್ಯಾಲೆಂಡರ್‌ನಲ್ಲೇ ಇದೆ. ಶನಿವಾರ, ಭಾನುವಾರ, ದಸರಾ ರಜೆ, ಕ್ರಿಸ್‌ಮಸ್ ವಾರ, ಏಪ್ರಿಲ್ ಮತ್ತು ಮೇ ತಿಂಗಳು ಜನ ಜಾಸ್ತಿ. ಇದು ಎಲ್ಲರಿಗೂ ಗೊತ್ತು. ಆದರೆ ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಕಾಲ ಅನ್ನುವುದನ್ನು ತುಂಬಾ ಜನ ಮರೆಯುತ್ತಾರೆ. ಡಿಸೆಂಬರ್‌ನ ಬುಧವಾರ ಖಾಲಿ ಇರುತ್ತದೆ ಅಂತ ನಂಬಿ ಹೋದರೆ ಪಾರ್ಕಿಂಗ್‌ನಲ್ಲಿ ಶಾಲಾ ಬಸ್ಸುಗಳ ಸಾಲು ಕಾಣುತ್ತದೆ. ಆ ತಿಂಗಳುಗಳಲ್ಲಿ ಹೋಗುವುದಿದ್ದರೆ ಹಿಂದಿನ ದಿನವೇ ಪಾರ್ಕಿಗೆ ಫೋನ್ ಮಾಡಿ ‘ನಾಳೆ ಶಾಲೆಗಳ ಬುಕಿಂಗ್ ಇದೆಯಾ?’ ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಮಾಮೂಲಿ ವಾರದ ದಿನಗಳಲ್ಲಿ ಪಾಸ್ ಕೊಳ್ಳುವ ಅಗತ್ಯ ಕಡಿಮೆ. ಒಂದು ದಿನ ಶಾಲೆಗೆ ರಜೆ ಹಾಕಿಸಿದರೆ ಉಳಿಯುವ ದುಡ್ಡಿನಲ್ಲಿ ಊಟ, ಲಾಕರ್ ಎಲ್ಲ ಆಗುತ್ತದೆ.

ಮೂರನೆಯದು: ಪಾಸ್‌ನ ಷರತ್ತು ಓದಿ

ಇಲ್ಲಿ ನಾನು ಎಡವಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಪಾರ್ಕಿಗೆ ಹೋದಾಗ ಮಗಳಿಗೂ ದುಬಾರಿ ಪಾಸ್ ತೆಗೆದುಕೊಂಡೆ. ಅವಳು ಆಸೆಪಟ್ಟಿದ್ದ ರೋಲರ್ ಕೋಸ್ಟರ್‌ನ ಬಾಗಿಲಲ್ಲಿ ಎತ್ತರ ಅಳೆಯುವ ಕೋಲು ಇತ್ತು. ಎರಡು ಸೆಂಟಿಮೀಟರ್ ಕಡಿಮೆ ಬಂತು. ಬಿಡಲಿಲ್ಲ. ಬಿಡದಿದ್ದುದು ಸರಿಯೇ, ಅದು ಸುರಕ್ಷತೆಯ ವಿಷಯ. ಹೊರಡುವ ಮೊದಲು ಮನೆಯ ಗೋಡೆಗೆ ನಿಲ್ಲಿಸಿ ಟೇಪ್ ಹಿಡಿಯಬೇಕಿತ್ತು. ಆ ದೊಡ್ಡ ರೈಡ್ ಇಲ್ಲದ ಮೇಲೆ ಅವಳ ಪಾಸ್‌ನಲ್ಲಿ ಉಳಿದದ್ದು ಕ್ಯೂ ಇಲ್ಲದ ಪುಟ್ಟ ರೈಡ್‌ಗಳು ಮಾತ್ರ.

ಹಾಗಾಗಿ ದುಡ್ಡು ಕಟ್ಟುವ ಮೊದಲು ಇಷ್ಟು ಕೇಳಿ. ಪಾಸ್ ಎಲ್ಲ ರೈಡ್‌ಗೂ ನಡೆಯುತ್ತದಾ, ಕೆಲವಕ್ಕೆ ಮಾತ್ರವಾ? ಒಂದು ರೈಡ್‌ಗೆ ಒಂದೇ ಸಲವಾ, ಎಷ್ಟು ಸಲ ಬೇಕಾದರೂ ಹತ್ತಬಹುದಾ? ಪಾರ್ಕಿನ ಪ್ರವೇಶ ಇದರಲ್ಲೇ ಸೇರಿದೆಯಾ, ಬೇರೆಯಾ? ರೈಡ್ ಕೆಟ್ಟು ನಿಂತರೆ ಅಥವಾ ಮಳೆ ಬಂದು ನಿಲ್ಲಿಸಿದರೆ ಏನು ಮಾಡುತ್ತಾರೆ? ಬಿಪಿ, ಹೃದಯದ ತೊಂದರೆ ಇರುವ ಹಿರಿಯರು, ಗರ್ಭಿಣಿಯರು ದೊಡ್ಡ ರೈಡ್‌ಗಳನ್ನು ಹತ್ತುವಂತಿಲ್ಲ. ಅವರಿಗೆ ಪಾಸ್ ಬೇಡವೇ ಬೇಡ.

ಇನ್ನೊಂದು ವಿಷಯ. ಮನೆಯಲ್ಲಿ ಇಬ್ಬರಿಗೆ ಪಾಸ್, ಇಬ್ಬರಿಗೆ ಮಾಮೂಲಿ ಟಿಕೆಟ್ ತೆಗೆದುಕೊಂಡರೆ ನೀವು ದಿನವಿಡೀ ಬೇರೆ ಬೇರೆ ಸಾಲಿನಲ್ಲಿ ಇರುತ್ತೀರಿ. ಒಟ್ಟಿಗೆ ಇರಬೇಕು ಅಂತ ಹೋದ ದಿನ ಹಾಗಾಗಬಾರದು. ಎಲ್ಲರಿಗೂ ಒಂದೇ ಥರ ಇರಲಿ.

ನಾಲ್ಕನೆಯದು: ಗಂಟೆಗೆ ಎಷ್ಟು ಬಿತ್ತು?

ಒಬ್ಬರಿಗೆ 1,200 ರೂಪಾಯಿ ಹೆಚ್ಚಿಗೆ ಅಂದುಕೊಳ್ಳಿ. ಜನ ತುಂಬಿದ ದಿನ ಪಾಸ್‌ನಿಂದ ಮೂರು ಗಂಟೆ ಉಳಿದರೆ ಗಂಟೆಗೆ 400 ರೂಪಾಯಿ ಬಿತ್ತು. ಖಾಲಿ ದಿನ ಒಂದೇ ಗಂಟೆ ಉಳಿದರೆ 1,200 ಬಿತ್ತು. ನಿಮ್ಮ ಊರಿಂದ ಪಾರ್ಕಿಗೆ ಎಷ್ಟು ದೂರ ಅನ್ನುವುದನ್ನೂ ಇದಕ್ಕೆ ಸೇರಿಸಿ. ಕೆಂಗೇರಿಯವರು ಇನ್ನೊಮ್ಮೆ ಬರಬಹುದು. ಕಲಬುರಗಿಯಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದವರಿಗೆ ಸಿಗುವುದು ಅದೊಂದೇ ದಿನ. ಅವರು ಪಾಸ್ ಕೊಂಡರೆ ನಾನಂತೂ ತಪ್ಪು ಅನ್ನುವುದಿಲ್ಲ.

ಐದನೆಯದು: ಪಾಸ್ ಇಲ್ಲದೆ ಕ್ಯೂ ಕಡಿಮೆ ಮಾಡುವುದು

ಇದೇ ನನಗೆ ಇಷ್ಟದ ಭಾಗ. ಇದಕ್ಕೆ ಖರ್ಚಿಲ್ಲ, ಸ್ವಲ್ಪ ತಯಾರಿ ಸಾಕು.

ಗೇಟು ತೆಗೆಯುವುದಕ್ಕೆ ಅರ್ಧ ಗಂಟೆ ಮೊದಲೇ ಅಲ್ಲಿರಿ. ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆದುಕೊಂಡಿರಿ. ವಂಡರ್‌ಲಾ ಬೆಂಗಳೂರಿನಿಂದ ಸುಮಾರು 28 ಕಿಲೋಮೀಟರ್, ಬಿಡದಿ ಹತ್ತಿರ. ಮೈಸೂರು ರಸ್ತೆಯ ಬೆಳಗಿನ ಟ್ರಾಫಿಕ್ ನಂಬುವ ಹಾಗಿಲ್ಲ. ನೇರಳೆ ಮಾರ್ಗದ ಮೆಟ್ರೊದಲ್ಲಿ ಚಲ್ಲಘಟ್ಟದವರೆಗೆ ಬಂದು, ಅಲ್ಲಿಂದ ಬಸ್ಸೋ ಆಟೋನೋ ಹಿಡಿಯುವುದೂ ಒಂದು ದಾರಿ.

ಒಳಗೆ ಹೋದವರೆಲ್ಲ ಕಣ್ಣಿಗೆ ಬಿದ್ದ ಮೊದಲ ರೈಡ್‌ಗೆ ನುಗ್ಗುತ್ತಾರೆ. ನೀವು ನಿಲ್ಲಬೇಡಿ. ನಕ್ಷೆಯನ್ನು ಮನೆಯಲ್ಲೇ ನೋಡಿಕೊಂಡು ಬಂದು, ಎಲ್ಲಕ್ಕಿಂತ ಜಾಸ್ತಿ ಬೇಡಿಕೆ ಇರುವ ರೈಡ್‌ಗೆ ಸೀದಾ ನಡೆಯಿರಿ. ವಂಡರ್‌ಲಾದಲ್ಲಾದರೆ ಹಿಂದಕ್ಕೂ ಮುಂದಕ್ಕೂ ಓಡುವ ರಿಕಾಯಿಲ್ ಅಂಥದ್ದು. ಮೊದಲ ಒಂದು ಗಂಟೆಯಲ್ಲಿ ಇಂಥ ಎರಡೋ ಮೂರೋ ರೈಡ್ ಮುಗಿಸಿದರೆ ಅರ್ಧ ಪಾಸ್‌ನ ಕೆಲಸ ಆದಂತೆ.

ನೀರಿನ ಆಟಕ್ಕೆ ಒಂದೇ ಸಲ ಇಳಿಯಿರಿ. ಬಟ್ಟೆ ಬದಲಿಸಿ, ಲಾಕರ್ ಹುಡುಕಿ, ಮತ್ತೆ ಒಣಗಿಸಿಕೊಂಡು ಬರುವುದರಲ್ಲಿ ಮುಕ್ಕಾಲು ಗಂಟೆ ಹೋಗುತ್ತದೆ. ಎರಡು ಸಲ ಹೀಗೆ ಮಾಡಿದರೆ ಒಂದು ದೊಡ್ಡ ಕ್ಯೂನಲ್ಲಿ ನಿಂತಷ್ಟೇ ಹೊತ್ತು ಕಳೆದಂತೆ. ಹತ್ತಿ ಬಟ್ಟೆಯಲ್ಲಿ ನೀರಿಗೆ ಬಿಡುವುದಿಲ್ಲ, ನೈಲಾನ್ ಉಡುಪು ಮನೆಯಿಂದಲೇ ತನ್ನಿ. ಅಲೆಗಳ ಕೊಳ, ಮಳೆ ಡಿಸ್ಕೊ ಇಂಥ ಕಡೆ ನೂರಾರು ಜನ ಒಟ್ಟಿಗೆ ಇಳಿಯುತ್ತಾರೆ, ಕ್ಯೂ ಪ್ರಶ್ನೆಯೇ ಬರುವುದಿಲ್ಲ. ನಿಮ್ಮ ಮಕ್ಕಳಿಗೆ ಇವೇ ಇಷ್ಟ ಅಂದರೆ ಪಾಸ್‌ಗೆ ಹಾಕಿದ ದುಡ್ಡು ಸುಮ್ನೆ ವೇಸ್ಟ್.

ಊಟ ಹನ್ನೆರಡಕ್ಕೋ ಎರಡೂವರೆಗೋ ಮಾಡಿ. ಒಂದರಿಂದ ಎರಡರವರೆಗೆ ಜನ ಊಟದ ಕಡೆ ಇರುತ್ತಾರೆ, ಆಗ ನೀವು ರೈಡ್ ಕಡೆ ಇರಿ.

ಇನ್ನು ಎಣಿಸುವ ಕಲೆ. ಸಾಲಿಗೆ ಸೇರುವ ಮೊದಲು ರೈಡ್ ಹತ್ತಿಸುವ ಜಾಗ ಕಾಣುವ ಹಾಗೆ ಐದು ನಿಮಿಷ ನಿಲ್ಲಿ. ಒಂದು ಸುತ್ತು ಹೊರಟಾಗಿನಿಂದ ಮುಂದಿನದು ಹೊರಡುವವರೆಗೆ ಎಷ್ಟು ನಿಮಿಷ ಅಂತ ಮೊಬೈಲ್‌ನಲ್ಲಿ ನೋಡಿ. ಸೀಟು ಎಣಿಸಿ. ಅದರಲ್ಲಿ ಪಾಸ್ ದಾರಿಯಿಂದ ಎಷ್ಟು ಜನ ಬಂದರು ಅಂತಲೂ ನೋಡಿ, ಅವರನ್ನು ಕಳೆಯಿರಿ. ಆಮೇಲೆ ಕಂಬಿಗಳ ನಡುವೆ ಸಾಲಿನ ಒಂದು ಮಡಿಕೆಯಲ್ಲಿ ಎಷ್ಟು ಜನ ಇದ್ದಾರೆ ಎಣಿಸಿ, ಮಡಿಕೆಗಳ ಲೆಕ್ಕದಿಂದ ಗುಣಿಸಿ. ಒಂದು ಮಡಿಕೆಯಲ್ಲಿ 30 ಜನ, ಎಂಟು ಮಡಿಕೆ ಅಂದರೆ 240. ಮೇಲೆ ಹೇಳಿದ ಲೆಕ್ಕ ಹಾಕಿದರೆ ಕಾಯುವ ಹೊತ್ತು ಗೊತ್ತಾಗುತ್ತದೆ. ನನ್ನ ಮಗಳು ಈಗ ಇದನ್ನು ನನಗಿಂತ ಚೆನ್ನಾಗಿ ಮಾಡುತ್ತಾಳೆ. ಎಷ್ಟು ಹೊತ್ತು ಅಂತ ಗೊತ್ತಿದ್ದರೆ ಕಾಯುವುದೂ ಹಗುರ. ಗೊತ್ತಿಲ್ಲದೆ ನಿಂತ ಇಪ್ಪತ್ತು ನಿಮಿಷ ಮಕ್ಕಳಿಗೆ ಒಂದು ಗಂಟೆಯ ಹಾಗೆ ಅನ್ನಿಸುತ್ತದೆ.

ಸಾಲಿಗೆ ಸೇರುವ ಮೊದಲು ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ಯಿರಿ, ನೀರು ಕುಡಿಸಿ. ಒಬ್ಬರನ್ನು ನಿಲ್ಲಿಸಿ ಆಮೇಲೆ ಎಂಟು ಜನ ಬಂದು ಸೇರಿಕೊಳ್ಳುವುದು ಬೇಡ. ಹಿಂದೆ ನಿಂತವರ ಲೆಕ್ಕವೆಲ್ಲ ಅದರಿಂದ ಕೆಡುತ್ತದೆ.

ತೀರಾ ಚಿಕ್ಕ ಮಗು ಇದ್ದರೆ ಸಿಬ್ಬಂದಿಯನ್ನು ಒಂದು ಮಾತು ಕೇಳಿ. ಅಪ್ಪ ಹೋಗಿ ಬರುವವರೆಗೆ ಅಮ್ಮ ಮಗುವಿನ ಜೊತೆ ಇದ್ದು, ಆಮೇಲೆ ಮತ್ತೆ ಸಾಲಿನಲ್ಲಿ ನಿಲ್ಲದೆ ಅಮ್ಮ ಹತ್ತುವ ಅವಕಾಶ ಡಿಸ್ನಿ, ಯೂನಿವರ್ಸಲ್ ಪಾರ್ಕ್‌ಗಳಲ್ಲಿ ನಿಯಮವಾಗಿಯೇ ಇದೆ. ಇಲ್ಲಿಯೂ ಕೇಳಿದರೆ ಕೆಲವರು ಒಪ್ಪುತ್ತಾರೆ. ಗಾಲಿಕುರ್ಚಿಯಲ್ಲಿ ಬರುವವರು ಒಳಗೆ ಹೋದ ಕೂಡಲೇ ವಿಚಾರಣೆ ಕೌಂಟರ್‌ಗೆ ಹೋಗಿ. ಯಾವ ರೈಡ್‌ಗೆ ಹತ್ತಬಹುದು, ಯಾವ ದಾರಿಯಿಂದ ಬರಬೇಕು ಅಂತ ಅವರು ಹೇಳುತ್ತಾರೆ.

ವಿದೇಶಕ್ಕೆ ಹೋಗುವವರಿಗೆ

ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಎಕ್ಸ್‌ಪ್ರೆಸ್ ಪಾಸ್ ಪ್ರವೇಶ ಟಿಕೆಟ್‌ನ ಮೇಲೆ ಬೇರೆ ಖರ್ಚು. ಮಾಮೂಲಿ ಎಕ್ಸ್‌ಪ್ರೆಸ್‌ನಲ್ಲಿ ಒಂದು ರೈಡ್‌ಗೆ ಒಂದು ಸಲ, ಅನ್‌ಲಿಮಿಟೆಡ್‌ನಲ್ಲಿ ಎಷ್ಟು ಸಲವಾದರೂ. ದರ ದಿನಕ್ಕೊಂದು. ಅಲ್ಲಿ ಕೆಲವು ರೈಡ್‌ಗಳಿಗೆ ಒಬ್ಬಂಟಿಯಾಗಿ ಹತ್ತುವವರ ಸಾಲು ಬೇರೆಯೇ ಇದೆ. ಮೂವರು ಕೂತ ಸಾಲಿನಲ್ಲಿ ಒಂದು ಸೀಟು ಉಳಿದರೆ ಅಲ್ಲಿಗೆ ಅವರನ್ನು ಕೂರಿಸುತ್ತಾರೆ. ಮಕ್ಕಳು ದೊಡ್ಡವರಾಗಿದ್ದು, ಬೇರೆ ಬೇರೆ ಕೂರಲು ಒಪ್ಪಿದರೆ ಇದನ್ನೇ ಹಿಡಿಯಿರಿ. ಇದಕ್ಕೆ ದುಡ್ಡಿಲ್ಲ, ಖಾಲಿ ಹೋಗುವ ಸೀಟಾದ್ದರಿಂದ ಯಾರ ಸರದಿಯನ್ನೂ ಕಿತ್ತುಕೊಂಡಂತೆಯೂ ಅಲ್ಲ. ನಮ್ಮ ಪಾರ್ಕ್‌ಗಳಲ್ಲೂ ಈ ಸಾಲು ಬರಬೇಕು ಅಂತ ನನ್ನ ಆಸೆ.

ಒರ್ಲ್ಯಾಂಡೊದ ಡಿಸ್ನಿಯಲ್ಲಿ ಮೇಲೆ ಹೇಳಿದ ದುಡ್ಡಿನ ಸೇವೆಗೆ 2024ರ ಜುಲೈನಿಂದ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಅಂತ ಹೆಸರು. ಮೂರು ರೈಡ್‌ಗಳನ್ನು ಮೊದಲೇ ಆರಿಸಬೇಕು. ಡಿಸ್ನಿ ಹೋಟೆಲ್‌ನಲ್ಲಿ ಇಳಿದುಕೊಳ್ಳುವವರು 7 ದಿನ ಮೊದಲು, ಉಳಿದವರು 3 ದಿನ ಮೊದಲು ಬುಕ್ ಮಾಡಬಹುದು. ಮಗನ ಮನೆಗೆ ಅಂತ ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರು ಇದನ್ನು ಮಗನಿಗೇ ಬಿಡುವುದು ಒಳ್ಳೆಯದು. ಎಲ್ಲ ಮೊಬೈಲ್ ಆ್ಯಪ್‌ನಲ್ಲೇ ನಡೆಯುತ್ತದೆ.

ಪಾರ್ಕ್ ನಡೆಸುವವರಿಗೆ ಒಂದು ಕೋರಿಕೆ

ಆ ದಿನ ಮಗಳಿಗೆ ರೈಡ್ ಸಿಗಲಿಲ್ಲ ಅಂದೆನಲ್ಲ, ಅವಳನ್ನು ಹೊರಗೆ ಅಮ್ಮನ ಜೊತೆ ಬಿಟ್ಟು ನಾನೊಬ್ಬನೇ ಪಾಸ್ ದಾರಿಯಲ್ಲಿ ಹೋದೆ. ಕಂಬಿಯ ಆಚೆ ಎಂಟೊಂಬತ್ತು ವರ್ಷದ ಹುಡುಗ ನಿಂತಿದ್ದ. ‘ಅಂಕಲ್, ನೀವು ಈಗ ಬಂದ್ರಲ್ವಾ? ನಾವು ಆಗ್ಲಿಂದ ನಿಂತಿದೀವಿ’ ಅಂದ. ಅವನ ಪಕ್ಕದಲ್ಲಿದ್ದ ಅಜ್ಜ ನೆಲದ ಮೇಲೆ ಕೂತಿದ್ದರು. ಏನು ಹೇಳಬೇಕೋ ತಿಳಿಯಲಿಲ್ಲ.

ಪಾಸ್ ಮಾರಬೇಡಿ ಅಂತ ಹೇಳುತ್ತಿಲ್ಲ. ಆದರೆ ಪ್ರತಿ ಸುತ್ತಿನಲ್ಲಿ ಎಷ್ಟು ಸೀಟು ಪಾಸ್‌ಗೆ ಮೀಸಲು ಅಂತ ಸಾಲಿನ ಬಾಯಲ್ಲೇ ಬೋರ್ಡ್ ಹಾಕಿ. ಕಾಯುವ ಹೊತ್ತು ಎಷ್ಟು ಅಂತ ಕನ್ನಡದಲ್ಲಿ ಬರೆಯಿರಿ. ಸಾಲಿನ ಉದ್ದಕ್ಕೂ ನೆರಳು, ಕುಡಿಯುವ ನೀರು ಇರಲಿ. ಮಡಿಕೆಗೊಂದು ಬೆಂಚು ಇರಲಿ. ಆ ಅಜ್ಜನಂಥವರು ನೆಲದ ಮೇಲೆ ಕೂರುವಂತಾಗಬಾರದು.