ಕಂಟ್ರೋಲ್+ಡಿ ಒಂದೇ, ಕೆಲಸ ಎರಡು: ವಿಎಸ್ ಕೋಡ್‌ನಲ್ಲಿ ಶಾರ್ಟ್‌ಕಟ್ ಬದಲಿಸುವುದು ಹೇಗೆ?

ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಕಂಟ್ರೋಲ್+ಡಿ ಒತ್ತಿದರೆ ಸಾಲು ನಕಲಾಗುತ್ತದೆ. ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಲ್ಲಿ ಹಾಗಲ್ಲ. ಇಲ್ಲಿ ಅದು ಕರ್ಸರ್ ಇರುವ ಪದವನ್ನು ಸೆಲೆಕ್ಟ್ ಮಾಡುತ್ತದೆ, ಮತ್ತೆ ಒತ್ತಿದರೆ ಅದೇ ಪದ ಮುಂದೆ ಎಲ್ಲಿದೆಯೋ ಅದನ್ನೂ ಸೇರಿಸಿಕೊಳ್ಳುತ್ತದೆ. ಸಾಲು ನಕಲಿಗೆ ಶಿಫ್ಟ್+ಆಲ್ಟ್+ಕೆಳಬಾಣ ಒತ್ತಬೇಕು. ವರ್ಷಗಟ್ಟಲೆ ರೂಢಿಯಾದ ಬೆರಳುಗಳಿಗೆ ಇದು ಕಷ್ಟ, ಅಲ್ವಾ? ಎಡಿಟರ್‌ನ ಶಾರ್ಟ್‌ಕಟ್ಟನ್ನೇ ಬದಲಿಸಿ. ಆದರೆ ಅದೇ ಪದಗಳನ್ನು ಸೇರಿಸಿಕೊಳ್ಳುವ ಹಳೆಯ ಕೆಲಸವನ್ನು ಕಳೆದುಕೊಳ್ಳಬೇಡಿ, ಅದು ತುಂಬಾ ಉಪಯೋಗದ್ದು.

ಮೊದಲು ಕಂಟ್ರೋಲ್+ಕೆ, ಆಮೇಲೆ ಕಂಟ್ರೋಲ್+ಎಸ್ ಒತ್ತಿ. (ಇಲ್ಲಿ ಹೇಳುವ ಕೀಗಳು ವಿಂಡೋಸ್‌ಗೆ.) ಶಾರ್ಟ್‌ಕಟ್‌ಗಳ ಪಟ್ಟಿ ತೆರೆಯುತ್ತದೆ. 'ಕಾಪಿ ಲೈನ್ ಡೌನ್' ಎಂದು ಇಂಗ್ಲಿಷಿನಲ್ಲಿ ಹುಡುಕಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಆ್ಯಡ್ ಕೀಬೈಂಡಿಂಗ್' ಆರಿಸಿ. 'ಚೇಂಜ್' ಆರಿಸಿದರೆ ಮೊದಲಿದ್ದ ಶಾರ್ಟ್‌ಕಟ್ ಹೋಗುತ್ತದೆ. ಈಗ ಕಂಟ್ರೋಲ್+ಡಿ ಒತ್ತಿ, ಆದರೆ ಎಂಟರ್ ಒತ್ತಲು ಅವಸರ ಬೇಡ. ಈ ಕೀ ಆಗಲೇ ಬೇರೆ ಕಮಾಂಡಿಗೆ ಇದೆ ಎಂದು ಕೆಳಗೆ ಒಂದು ಸಾಲು ಬರುತ್ತದೆ. ಹೆಚ್ಚಿನವರು ಅದನ್ನು ಓದುವುದೇ ಇಲ್ಲ, ಜಗಳ ಶುರುವಾಗುವುದು ಅಲ್ಲೇ. ಓದಿಕೊಂಡು ಎಂಟರ್ ಒತ್ತಿ.

ಇನ್ನು ಮುಖ್ಯವಾದ ಕೆಲಸ. ನೀವು ಸೇರಿಸಿದ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಚೇಂಜ್ ವೆನ್ ಎಕ್ಸ್‌ಪ್ರೆಷನ್' ಆರಿಸಿ. ಅಲ್ಲಿರುವ ಷರತ್ತನ್ನು ಹಾಗೇ ಬಿಟ್ಟು, ಕೊನೆಗೆ && !ಎಡಿಟರ್‌ಹ್ಯಾಸ್‌ಸೆಲೆಕ್ಷನ್ ಎಂದು ಸೇರಿಸಿ. ಇದೂ ಇಂಗ್ಲಿಷ್ ಅಕ್ಷರಗಳಲ್ಲೇ, ಮೂರು ಪದ ಕೂಡಿಸಿ, ಎರಡನೆಯ ಮತ್ತು ಮೂರನೆಯ ಪದದ ಮೊದಲ ಅಕ್ಷರ ಮಾತ್ರ ದೊಡ್ಡದು. ಏನೂ ಸೆಲೆಕ್ಟ್ ಆಗಿಲ್ಲದಾಗ ಮಾತ್ರ ಸಾಲು ನಕಲು ಮಾಡು ಎಂದು ಇದರ ಅರ್ಥ. ವಿಎಸ್ ಕೋಡ್ ನಿಯಮಗಳನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಿ ಮೊದಲು ಹೊಂದಿದ್ದನ್ನು ಹಿಡಿಯುತ್ತದೆ, ನಿಮ್ಮ ನಿಯಮಗಳು ಕೊನೆಯಲ್ಲಿರುವುದರಿಂದ ಅವಕ್ಕೇ ಮೊದಲ ಅವಕಾಶ, ಷರತ್ತು ಹೊಂದದಿದ್ದರೆ ಹಳೆಯ ಕೆಲಸ ಮಾಮೂಲಿನಂತೆ ನಡೆಯುತ್ತದೆ. ಪದದ ಮೇಲೆ ಡಬಲ್ ಕ್ಲಿಕ್ ಮಾಡಿ ಕಂಟ್ರೋಲ್+ಡಿ ಒತ್ತಿ ನೋಡಿ, ಮುಂದಿನ ಪದ ಸೇರುತ್ತದೆ. ಸುಮ್ನೆ ಒತ್ತಿದರೆ ಸಾಲು ನಕಲು.

ಕೆಲವು ಜಗಳ ಎಡಿಟರ್‌ನ ಹೊರಗಿನವು. ಕನ್ನಡ ಟೈಪ್ ಮಾಡುವವರಿಗೆ ಇದು ಜಾಸ್ತಿ. ಮ್ಯಾಕ್‌ನಲ್ಲಿ ಭಾಷೆ ಬದಲಿಸಲು ಕಂಟ್ರೋಲ್+ಸ್ಪೇಸ್, ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಲು ಬಳಸುವ ಎಫ್‌ಸಿಐಟಿಎಕ್ಸ್‌ನಲ್ಲೂ ಅದೇ, ವಿಎಸ್ ಕೋಡ್‌ನಲ್ಲಿ ಸಲಹೆ ತೋರಿಸುವ 'ಟ್ರಿಗರ್ ಸಜೆಸ್ಟ್'ಗೂ ಅದೇ! ಸಿಸ್ಟಮ್ ನುಂಗಿದ ಕೀ ಎಡಿಟರ್‌ಗೆ ತಲುಪುವುದೇ ಇಲ್ಲ. ಅನುಮಾನವಿದ್ದರೆ ಕಂಟ್ರೋಲ್+ಶಿಫ್ಟ್+ಪಿ (ಮ್ಯಾಕ್‌ನಲ್ಲಿ ಕಮಾಂಡ್+ಶಿಫ್ಟ್+ಪಿ) ಒತ್ತಿ 'ಟಾಗಲ್ ಕೀಬೋರ್ಡ್ ಶಾರ್ಟ್‌ಕಟ್ಸ್ ಟ್ರಬಲ್‌ಶೂಟಿಂಗ್' ಹುಡುಕಿ, ಆನ್ ಮಾಡಿ. ಎಡಿಟರ್‌ಗೆ ಬಂದ ಪ್ರತಿ ಕೀಯೂ ಕೆಳಗಿನ ಔಟ್‌ಪುಟ್ ಭಾಗದಲ್ಲಿ ಕಾಣುತ್ತದೆ. ಬರಲೇ ಇಲ್ಲವೆಂದರೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ಕೀ ಬದಲಿಸಿ, ಇಲ್ಲವೇ 'ಟ್ರಿಗರ್ ಸಜೆಸ್ಟ್'ಗೆ ಬೇರೆ ಕೀ ಕೊಡಿ. ನನ್ನ ಪ್ರಕಾರ ಎರಡನೆಯದೇ ಸುಲಭ, ಭಾಷೆ ಬದಲಿಸುವ ಕೀ ಎಲ್ಲ ಕಡೆ ಬೇಕಲ್ಲ. ಏನಾದರೂ ಎಡವಟ್ಟಾದರೆ ಪಟ್ಟಿಯಲ್ಲಿ ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ರೀಸೆಟ್ ಕೀಬೈಂಡಿಂಗ್' ಒತ್ತಿ, ಮೊದಲಿನಂತಾಗುತ್ತದೆ.